ಮುಂಜಾನೆಯ ಕಿರ್ದಿ: ದಿನಾ ದೇವರ ಮುಂದೆ ಕೂರುವುದು ಹೇಗೆ

ಕಲಬುರಗಿಯ ಬೇಳೆ ಗಿರಣಿಗಳಲ್ಲಿ 24 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ತೊಗರಿ ಎಷ್ಟು ಚೀಲ ಬಂತು, ಬೇಳೆ ಎಷ್ಟು ಹೋಯಿತು, ಹಮಾಲರಿಗೆ ಎಷ್ಟು ಕೊಟ್ಟೆವು, ಎಲ್ಲವೂ ಆಯಾ ದಿನವೇ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಏರಬೇಕು. ನಾಳೆ ಬರೆದರಾಯಿತು ಅಂತ ಬಿಟ್ಟ ಲೆಕ್ಕ ತಾಳೆ ಆಗುವುದೇ ಇಲ್ಲ. ನನ್ನ ಮುಂಜಾನೆಯ ಪ್ರಾರ್ಥನೆಗೂ ಒಂದು ಕಿರ್ದಿ ಇಟ್ಟಿದ್ದೇನೆ. ನಮ್ಮ ಚರ್ಚಿನ ಸಭೆಯ ಹುಡುಗರು, "ಅಂಕಲ್, ಪ್ರಾರ್ಥನೆಗೆ ಕೂತರೆ ಎರಡು ನಿಮಿಷಕ್ಕೇ ಮಾತು ಮುಗಿದುಹೋಗುತ್ತದೆ, ಏನು ಮಾಡೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಬೇಕಾಗುವುದು ಸತ್ಯವೇದ (ಬೈಬಲ್), ಒಂದು ನೋಟ್‌ಬುಕ್, ಒಂದು ಪೆನ್ನು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ದಿನಾ ಒಂದೇ ಜಾಗದಲ್ಲಿ ಕೂರಿ. ನನ್ನದು ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿ, ಹೊತ್ತು ಐದೂವರೆ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ಬಿಸಿಲು ಏರಿತು ಅಂದರೆ ಮನಸ್ಸೂ ಕೂರುವುದಿಲ್ಲ.

ಓದುವುದು ಸ್ವಲ್ಪವೇ ಇರಲಿ. ಮೂರು ಅಧ್ಯಾಯ ಓಡಿಸಿಕೊಂಡು ಹೋಗುವುದಕ್ಕಿಂತ ಎರಡು ವಚನವನ್ನು ಎರಡು ಸಲ ಬಾಯಿಬಿಟ್ಟು ಓದಿ. ಹೊಸಬರು ಪ್ರಲಾಪಗಳು 3ನೇ ಅಧ್ಯಾಯದ 22, 23ನೇ ವಚನದಿಂದ ಶುರು ಮಾಡಲಿ. ದೇವರ ಕರುಣೆ ದಿನಾ ಬೆಳಿಗ್ಗೆ ಹೊಸದು, ಆತನ ನಂಬಿಗಸ್ತಿಕೆ ದೊಡ್ಡದು ಅನ್ನುವ ಮಾತು ಅಲ್ಲಿದೆ. ಕ್ಯಾಲೆಂಡರ್ ಮೇಲೆ, ಗೋಡೆ ಮೇಲೆ ಎಲ್ಲ ಕಡೆ ನೋಡಿರುತ್ತೀರಿ. ಆದರೆ ಅದು ಯಾವಾಗಿನ ಮಾತು ಅಂತ ನೋಡಿ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಹಾಕಿದರು. ದೇವಾಲಯ ಹೋಯಿತು. ಮಕ್ಕಳು ಹಸಿವಿನಿಂದ ಬೀದಿಯಲ್ಲಿ ಬಿದ್ದರು. ಅದೇ ಅಧ್ಯಾಯದ 17ನೇ ವಚನದಲ್ಲಿ ಅದನ್ನು ಬರೆದವನು, ಸುಖ ಅಂದರೆ ಏನು ಅಂತಲೇ ಮರೆತೆ ಅನ್ನುತ್ತಾನೆ. ಐದು ವಚನ ಆದ ಮೇಲೆ ಕರುಣೆಯ ಮಾತು ಬರುತ್ತದೆ.

ಹಾಗಾಗಿ ನಾನು ಹೇಳುವ ಕ್ರಮ ಸ್ವಲ್ಪ ಬೇರೆ. ಸ್ತೋತ್ರ ಆಮೇಲೆ, ಮೊದಲು ದೂರು ಬರೆಯಿರಿ. ಎದೆಯಲ್ಲಿ ಏನು ಚುಚ್ಚುತ್ತಿದೆಯೋ ಅದನ್ನು ಇದ್ದಂತೆ, ಎರಡು ಸಾಲು. ಒಳಗೆ ಸಿಟ್ಟು ಇಟ್ಟುಕೊಂಡು ಬಾಯಲ್ಲಿ ಸ್ತೋತ್ರ ಅಂದರೆ ಅದು ಸುಳ್ಳು ಲೆಕ್ಕ. ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಗಿರಣಿ ನಿಂತುಹೋಯಿತು. ಮೂರು ತಿಂಗಳು ಸಂಬಳ ಇಲ್ಲ. ಮಗಳ ಶಾಲೆಯ ಫೀಸು ಬಾಕಿ. ಆಗಿನ ಪುಟಗಳಲ್ಲಿ "ಸ್ವಾಮೀ, ನಿನಗೆ ಕಾಣುತ್ತಿಲ್ಲವೇ?" ಅಂತ ಹನ್ನೊಂದು ಸಲ ಬರೆದಿದ್ದೇನೆ. ಕೀರ್ತನೆಗಾರರೂ ಹಾಗೇ ಕೇಳಿದ್ದಾರಲ್ಲ! ದೇವರ ಮುಂದೆ ಅಳುವುದಕ್ಕೆ ನಾಚಿಕೆ ಬೇಡ.

ದೂರು ಮುಗಿದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆಯ ಕೆಳಗೆ ಕೃತಜ್ಞತೆ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ, 5ನೇ ಅಧ್ಯಾಯದ 18ನೇ ವಚನದಲ್ಲಿ, ಎಲ್ಲದರಲ್ಲಿಯೂ ಸ್ತುತಿ ಮಾಡಿರಿ ಅನ್ನುತ್ತಾನೆ. ಎಲ್ಲದರಲ್ಲಿಯೂ ಅಂದಿದ್ದಾನೆ, ಎಲ್ಲದಕ್ಕೂ ಅಂದಿಲ್ಲ. ಸಂಬಳ ನಿಂತದ್ದಕ್ಕೆ ನಾನು ಸ್ತೋತ್ರ ಹೇಳಬೇಕಿಲ್ಲ. ನಿಂತಿದ್ದಾಗಲೂ ಹೇಳುವುದಕ್ಕೆ ಏನೋ ಒಂದು ಇರುತ್ತದೆ, ಅದನ್ನು ಹುಡುಕಬೇಕು. ನೆಟೆ ರೋಗ ಬಂದು, ಹೂ ಬಿಟ್ಟ ತೊಗರಿ ನಿಂತಲ್ಲೇ ಒಣಗಿದ್ದನ್ನು ನೋಡಿದವರು ಹಬಕ್ಕೂಕ 3ನೇ ಅಧ್ಯಾಯದ ಕೊನೆಯನ್ನು ಓದಲಿ. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿ, ದನ, ಆರೂ ಕೈಕೊಟ್ಟರೂ ದೇವರಲ್ಲಿ ಸಂತೋಷಪಡುತ್ತೇನೆ ಅನ್ನುವ ಮಾತು ಅಲ್ಲಿದೆ. ಇದನ್ನು ಹೊಲದ ಬದುವಿನ ಮೇಲೆ ನಿಂತೇ ಓದಬೇಕು.

"ಎಲ್ಲದಕ್ಕೂ ಸ್ತೋತ್ರ" ಅಂತ ಬರೆಯಬೇಡಿ. ಕಿರ್ದಿಯಲ್ಲಿ "ಏನೋ ಸ್ವಲ್ಪ ಬಂತು" ಅಂತ ಬರೆಯುತ್ತೇವೆಯೇ? ಹೆಸರು, ಹೊತ್ತು, ವಸ್ತು ಬರಲಿ. ಆ ಮೂರು ತಿಂಗಳಲ್ಲಿ ನಾನು ಬರೆದ ಒಂದು ಸಾಲು ಹೀಗಿದೆ: "ಗಂಜ್‌ನ ಹಮಾಲ ಅಣ್ಣ ಮನೆ ಬಾಗಿಲಲ್ಲಿ ಅರ್ಧ ಚೀಲ ಜೋಳ ಇಟ್ಟು, ಹಣ ಕೇಳದೆ ಹೋದರು." ಅವರು ನಮ್ಮ ಸಭೆಯವರಲ್ಲ. ಮಸೀದಿಗೆ ಹೋಗುವವರು. ದೇವರು ಯಾರ ಹೆಗಲ ಮೇಲೆ ಕಳಿಸುತ್ತಾನೆ ಅನ್ನುವುದು ಅವತ್ತು ನನಗೆ ತಿಳಿಯಿತು. ದಿನಕ್ಕೆ ಮೂರು ಸಾಲು ಸಾಕು.

ಮಾತೇ ಬಾರದ ದಿನ 136ನೇ ಕೀರ್ತನೆ ತೆಗೆಯಿರಿ. 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಅದೇ ಪಲ್ಲವಿ. ಮನಸ್ಸು ಬರದಿದ್ದರೆ ಬಾಯಿಯಾದರೂ ಬರುತ್ತದೆ. ಮನಸ್ಸು ಆಮೇಲೆ ಬಂದು ಸೇರಿಕೊಳ್ಳುತ್ತದೆ.

ಇನ್ನು ಬೇರೆಯವರ ಹೆಸರು. ಇದನ್ನು ನಾನು ಕಲಿತದ್ದು ಅವ್ವನಿಂದ. ಚಿತ್ತಾಪುರದ ಕಡೆ ನಮ್ಮ ಊರು. ಅವ್ವನಿಗೆ ಓದು ಬರುತ್ತಿರಲಿಲ್ಲ. ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದೇ ಅವಳ ಪ್ರಾರ್ಥನೆಯ ಹೊತ್ತು. ಹಿಟ್ಟಿನ ಉಂಡೆ ಕೈಗೆ ಬಂದಾಗ ಒಬ್ಬರ ಹೆಸರು ಹೇಳುತ್ತಿದ್ದಳು. ಅದನ್ನು ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಉಬ್ಬುವ ತನಕ ಅವರೊಬ್ಬರ ಸಲುವಾಗಿಯೇ ಬೇಡುತ್ತಿದ್ದಳು. ಮುಂದಿನ ಉಂಡೆಗೆ ಮುಂದಿನ ಹೆಸರು. ಹದಿನೈದು ರೊಟ್ಟಿ ಅಂದರೆ ಹದಿನೈದು ಮನೆ. ಮಧ್ಯಾಹ್ನ ದಾರಿಯಲ್ಲಿ ಸಿಕ್ಕವರಿಗೆ, "ಇವತ್ತು ಮುಂಜಾನೆ ನಿನ್ನ ಹೆಸರು ಹೇಳೀನಿ" ಅನ್ನುತ್ತಿದ್ದಳು. ಅಷ್ಟಕ್ಕೇ ಅವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ನೀವು ದಿನಕ್ಕೆ ಒಂದೇ ಹೆಸರು ಬರೆಯಿರಿ. ಸಂಜೆಯೊಳಗೆ ಅವರನ್ನು ಭೇಟಿಯಾಗಿ, ಇಲ್ಲವೇ ಫೋನ್ ಮಾಡಿ ಮಾತಾಡಿ. ಬಂದ ವಾಕ್ಯವನ್ನೇ ವಾಟ್ಸಾಪ್‌ನಲ್ಲಿ ಐವತ್ತು ಮಂದಿಗೆ ಕಳಿಸುವುದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬುದ್ಧಿ ಹೇಳಲೂ ಹೋಗಬೇಡಿ, ಧೈರ್ಯ ತುಂಬಿ. ಕುಪ್ರ (ಸೈಪ್ರಸ್) ದ್ವೀಪದ ಯೋಸೇಫನಿಗೆ ಅಪೊಸ್ತಲರು, ಅಂದರೆ ಯೇಸು ಆರಿಸಿಕೊಂಡ ಶಿಷ್ಯರು, ಬಾರ್ನಬ ಅಂತ ಹೆಸರಿಟ್ಟರು, ಧೈರ್ಯ ತುಂಬುವವನು ಅಂತ. ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ ಸೌಲನನ್ನು (ಮೇಲೆ ಹೇಳಿದ ಪೌಲ ಇವನೇ) ಕಂಡರೆ ಶಿಷ್ಯರೆಲ್ಲ ಹೆದರುತ್ತಿದ್ದಾಗ ಬಾರ್ನಬನೇ ಅವನನ್ನು ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿದ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿದೆ. ಒಬ್ಬರ ಜೊತೆ ಬಾಗಿಲ ತನಕ ನಡೆದು ಹೋಗುವುದೂ ಧೈರ್ಯ ತುಂಬುವುದೇ.

ದಿನ ತಪ್ಪಿದರೆ ಏನು ಮಾಡಬೇಕು? ತಪ್ಪುತ್ತದೆ. ಅವ್ವ ತೀರಿಕೊಂಡಾಗ ನನ್ನ ನೋಟ್‌ಬುಕ್ ನಲವತ್ತು ದಿನ ಖಾಲಿ. ಹಿಂದಿನದನ್ನೆಲ್ಲ ತುಂಬಿಸಲು ಕೂರಬೇಡಿ. ಗಿರಣಿಯ ಕಿರ್ದಿಯಲ್ಲಿ ನಿನ್ನೆಯ ಶಿಲ್ಕು, ನಿನ್ನೆಯ ಬಾಕಿ ಇವತ್ತಿನ ಪುಟಕ್ಕೆ ಬರಲೇಬೇಕು. ಇಲ್ಲಿ ಬರುವುದಿಲ್ಲ. ಕರುಣೆ ಬೆಳಿಗ್ಗೆ ಹೊಸದು ಅಂತ ಓದಿದೆವಲ್ಲ, ಅದು ತಪ್ಪಿಸಿಕೊಂಡವನಿಗೇ ಜಾಸ್ತಿ ಬೇಕಾದ ಮಾತು. ಇವತ್ತಿನ ತಾರೀಖು ಹಾಕಿ, ಶುರು ಮಾಡಿ. ನಂಬಿಗಸ್ತಿಕೆ ದೊಡ್ಡದು ಅಂತ ಬರೆದಿರುವುದು ಆತನದು, ನಮ್ಮದಲ್ಲ.

ಭಾನುವಾರ ಆರಾಧನೆ ಮುಗಿಸಿ ಬಂದು, ಊಟದ ಮೊದಲು ವಾರದ ಪುಟಗಳನ್ನು ಮನೆಯವರ ಮುಂದೆ ಓದಿ. ದೂರುಗಳನ್ನೂ ಬಿಡಬೇಡಿ. ಈಗ ನಮ್ಮ ಮನೆಯಲ್ಲಿ ಮಗಳಿಗೂ ಒಂದು ನೋಟ್‌ಬುಕ್ ಇದೆ. ಹೋದ ಭಾನುವಾರ ಅವಳು ಓದಿದ್ದು: "ಬುಧವಾರ. ಅಪ್ಪ ಬಸ್‌ಸ್ಟ್ಯಾಂಡ್‌ನಲ್ಲಿ ಬಸ್ ಹೊರಡುವ ತನಕ ಕಿಟಕಿ ಹತ್ತಿರ ನಿಂತಿದ್ದರು. ಸ್ತೋತ್ರ."