ಸರಳೆ ವರಸೆಯಿಂದ ಸಿನಿಮಾ ವಾದ್ಯವೃಂದಕ್ಕೆ

ಸಿನಿಮಾದ ಹಿನ್ನೆಲೆ ಸಂಗೀತವನ್ನು ಮೆಚ್ಚುವವರು ಸಾಮಾನ್ಯವಾಗಿ ಅದರ ಮೇಲಿನ ಒಂದು ಸಾಲನ್ನು ಗುನುಗುತ್ತಾರೆ. ಆದರೆ ವಾದ್ಯವೃಂದದ ನಿಜವಾದ ಸೆಳೆತ ಮೇಲಿನ ರಾಗದಡಿ ಬೇರೆ ವಾದ್ಯಗಳು ನುಡಿಸುವ, ಗುನುಗಲು ಸಿಗದ ಒಳಸಾಲುಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮಡಿಕೇರಿಯಲ್ಲಿ ಪಿಟೀಲು ಪಾಠ ಹೇಳುವ ನನಗೆ ಇದು ಮನದಟ್ಟಾದದ್ದು, ಅಂತಹ ಸಂಗೀತವನ್ನು ಕಿವಿಯಲ್ಲೇ ಹಿಡಿದು, ಬರೆದು, ವಿದ್ಯಾರ್ಥಿಗಳಿಂದ ನುಡಿಸಿದ ಮೇಲೆ.

ಬರವಣಿಗೆಗೆ ಮಳೆಗಾಲವೇ ಸರಿಯಾದ ಸಮಯ. ಶಾಲೆಗಳಿಗೆ ಮಳೆ ರಜೆ ಕೊಟ್ಟಾಗ ಪಾಠಕ್ಕೂ ಯಾರೂ ಬರುವುದಿಲ್ಲ. ಹೆಂಚಿನ ಮೇಲೆ ಬೀಳುವ ಮಳೆ ತಗ್ಗಿನ ಸ್ವರಗಳನ್ನು ಮುಚ್ಚಿಬಿಡುವುದರಿಂದ ಹೆಡ್‌ಫೋನ್ ಮಾತ್ರ ಅನಿವಾರ್ಯ. ಮೊದಲು ಕೆಳಗಿನ ಬೇಸ್ ಸಾಲು, ಆಮೇಲೆ ಮೇಲಿನ ರಾಗ, ಕೊನೆಗೆ ನಡುವಿನವು, ಈ ಕ್ರಮದಲ್ಲಿ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಬರೆಯುತ್ತೇನೆ. ನಡುವಿನ ಸಾಲುಗಳು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಧ್ವನಿಮುದ್ರಣದ ವೇಗವನ್ನು ಅರ್ಧಕ್ಕೆ ಇಳಿಸಿದರೂ ಕೆಲವನ್ನು ಊಹಿಸಬೇಕಾಗುತ್ತದೆ.

ಒಳಸಾಲುಗಳನ್ನು ಆಲಿಸುವ ಈ ಅಭ್ಯಾಸ ಕನ್ನಡದ ಕಿವಿಗೆ ಹೊಸದೇನಲ್ಲ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಮೂಲಕ ಇಳಯರಾಜ ಅದನ್ನು ನಮಗೆ ಆಗಲೇ ಕಲಿಸಿದ್ದಾರೆ. ಎರಡನೆಯದರ ವಾದ್ಯಸಂಗೀತದ ತುಣುಕೊಂದು ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಾಗಿ, ಸಿನಿಮಾ ನೋಡದವರ ನಾಲಿಗೆಗೂ ಹತ್ತಿತು. ಇಳಯರಾಜರ ಹಾಡುಗಳಲ್ಲಿ ಬೇಸ್ ಗಿಟಾರ್ ಗಾಯಕರಿಗೆ ಬರೀ ಊರುಗೋಲಾಗದೆ ತನ್ನದೇ ರಾಗವನ್ನು ಹಾಡುತ್ತಿರುತ್ತದೆ. ಅದನ್ನಷ್ಟೇ ಬೇರ್ಪಡಿಸಿ ಬರೆದುಕೊಂಡರೂ ನುಡಿಸಲು ಸೊಗಸಾದ ಒಂದು ಪಾಠ ಸಿಗುತ್ತದೆ.

ಮಕ್ಕಳಿಗೆ ನಾನು ಮೊದಲು ಕೊಟ್ಟದ್ದು ಜಾನ್ ವಿಲಿಯಮ್ಸ್ 1975ರ ‘ಜಾಸ್’ ಚಿತ್ರಕ್ಕೆ ಬರೆದ, ಶಾರ್ಕ್ ಮೀನು ಬರುವುದನ್ನು ಸೂಚಿಸುವ ಸಂಗೀತ. ಅದರ ಬುನಾದಿ ತಗ್ಗಿನ ಎರಡು ಸ್ವರಗಳು ಮಾತ್ರ, ಅವುಗಳ ನಡುವಿನ ಅಂತರ ಅರ್ಧ ಸ್ವರ. ಮೊದಲನೆಯದನ್ನು ಷಡ್ಜ (ಸ) ಎಂದುಕೊಂಡರೆ ಎರಡನೆಯದು ಶುದ್ಧ ರಿಷಭ (ರಿ), ಅಂದರೆ ಕರ್ನಾಟಕ ಸಂಗೀತದ ಆರಂಭದ ಪಾಠವಾದ, ಮಾಯಾಮಾಳವಗೌಳ ರಾಗದ ಸರಳೆ ವರಸೆಯ ಮೊದಲ ಹೆಜ್ಜೆ. ಇದನ್ನು ಹೇಳಿದಾಗ ಹುಡುಗಿಯೊಬ್ಬಳು, ‘ಮೇಷ್ಟ್ರೇ, ಹಾಗಾದರೆ ರಿಷಭಕ್ಕೆ ಗಮಕ ಬೇಡವೇ?’ ಎಂದು ಕೇಳಿದಳು. ಗಮಕವೆಂದರೆ ಸ್ವರವನ್ನು ಅಲುಗಿಸಿ, ಬಳುಕಿಸಿ ನುಡಿಸುವುದು; ಇಲ್ಲಿ ಅದು ಬೇಡ. ಸ್ವರ ಕದಲದೆ ನಿಂತರೇ ಅಲ್ಲಿ ಭಯ ಹುಟ್ಟುತ್ತದೆ, ಮತ್ತು ಕರ್ನಾಟಕ ಸಂಗೀತದಲ್ಲಿ ಪಳಗಿದ ಬೆರಳಿಗೆ ಹಾಗೆ ನಿಲ್ಲುವುದೇ ಕಷ್ಟ.

ಸಣ್ಣ ತೊಡಕುಗಳೂ ಇದ್ದವು. ನಮ್ಮ ಪಿಟೀಲಿನ ತಂತಿಗಳು ಸ-ಪ-ಸ-ಪ ಶ್ರುತಿಯಲ್ಲಿದ್ದರೆ ಪಾಶ್ಚಾತ್ಯ ವಾದನದಲ್ಲಿ ಪ್ರತಿ ತಂತಿಯಿಂದ ಮುಂದಿನ ತಂತಿಗೂ ಪಂಚಮದ (ಸ-ಪ ನಡುವಿನಷ್ಟು) ಅಂತರ. ಆದ್ದರಿಂದ ಈ ಅಭ್ಯಾಸಕ್ಕೆ ಕೆಲವು ಪಿಟೀಲುಗಳನ್ನು ಬೇರೆಯಾಗಿಯೇ ಶ್ರುತಿ ಮಾಡಿಟ್ಟೆ. ಎಲ್ಲರ ಕಮಾನೂ ಒಂದೇ ದಿಕ್ಕಿಗೆ ಚಲಿಸುವಂತೆ ಪ್ರತಿ ಹಾಳೆಯಲ್ಲಿ ಗುರುತು ಹಾಕಿದ ಬಳಿಕ ಒಟ್ಟು ನಾದ ಒಮ್ಮೆಲೇ ಗಟ್ಟಿಯಾಯಿತು.

ತಂತಿವಾದ್ಯಗಳಷ್ಟೇ ಇರುವ ನಮ್ಮಂಥವರಿಗೆ ಸಿನಿಮಾ ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಒಂದು ವರದಾನ. 1960ರ ‘ಸೈಕೋ’ ಚಿತ್ರಕ್ಕೆ ಅವರು ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಸ್ನಾನದ ಕೋಣೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದು ನಿರ್ದೇಶಕ ಹಿಚ್‌ಕಾಕ್ ಮೊದಲು ಹೇಳಿದ್ದರೂ ಹರ್ಮನ್ ಬರೆದುಕೊಟ್ಟರು, ಕೇಳಿದ ಮೇಲೆ ನಿರ್ದೇಶಕರು ಒಪ್ಪಿದರು. ಚಿತ್ರದ ಬಹುಭಾಗದಲ್ಲಿ ಪಿಟೀಲಿನ ಕುದುರೆಗೆ (ತಂತಿಗಳನ್ನು ಹೊರುವ ಮರದ ತುಂಡಿಗೆ) ಮ್ಯೂಟ್ ಸಿಕ್ಕಿಸಿ ನಾದವನ್ನು ಅದುಮಿ ಇಡಲಾಗಿದೆ. ಕೊಲೆಯ ಹೊತ್ತಿಗೆ ಅದನ್ನು ತೆಗೆಯಲಾಗಿದೆ. ಪುಟ್ಟ ರಬ್ಬರ್ ಮ್ಯೂಟುಗಳನ್ನು ಮಕ್ಕಳ ಕೈಯಲ್ಲಿ ಹಾಕಿಸಿ, ತೆಗೆಸಿ ನುಡಿಸಿದಾಗ, ಕೊಲೆಯ ದೃಶ್ಯದಲ್ಲಿ ಪಿಟೀಲುಗಳ ಆ ಕಿರುಚಾಟದ ಅರ್ಧ ಬಲ ಅದಕ್ಕೂ ಹಿಂದಿನ ಅದುಮಿಟ್ಟ ನಾದದಿಂದಲೇ ಬಂದದ್ದೆಂದು ಅವರಿಗೆ ವಿವರಿಸಬೇಕಾಗಿಯೇ ಬರಲಿಲ್ಲ.

‘ಜಾಸ್’ನಲ್ಲಿ ನಾವು ನುಡಿಸದೆ ಉಳಿದದ್ದು ಟ್ಯೂಬಾದ, ಅಂದರೆ ತಗ್ಗಿನ ನಾದದ ದೊಡ್ಡ ಹಿತ್ತಾಳೆ ಊದುವಾದ್ಯದ, ಸಾಲು. ಸೇನೆಯ ಬ್ಯಾಂಡಿನಿಂದ ನಿವೃತ್ತರಾದ ಹಿರಿಯರೊಬ್ಬರು, ಕೊಡಗಿನಲ್ಲಿ ಮಾಜಿ ಸೈನಿಕರಿಗೇನು ಬರವಿಲ್ಲ, ಟ್ಯೂಬಾಕ್ಕಿಂತ ಚಿಕ್ಕದಾದ, ಎತ್ತರದ ಸ್ವರದ ತಮ್ಮ ಯುಫೋನಿಯಂ ತಂದು ಹಾಳೆ ನೋಡಿಯೇ ಅದನ್ನು ತೊಡಕಿಲ್ಲದೆ ನುಡಿಸಿದರು. ಮೂಲದಲ್ಲಿ ಆ ಸಾಲು ಟ್ಯೂಬಾಕ್ಕೆ ಎತ್ತರದ ಸ್ಥಾಯಿಯಲ್ಲಿದೆ; ಫ್ರೆಂಚ್ ಹಾರ್ನ್‌ಗೆ ಸಲೀಸಾದದ್ದನ್ನು ವಿಲಿಯಮ್ಸ್ ಬೇಕೆಂದೇ ಈ ಭಾರಿ ವಾದ್ಯಕ್ಕೆ ಕೊಟ್ಟಿದ್ದರು. ಅದನ್ನು ತಿಳಿಸಿದಾಗ ಹಿರಿಯರು, ‘ನನ್ನದರಲ್ಲಿ ಇದು ಆರಾಮಾಗಿ ಬರುತ್ತದೆ, ಅದಕ್ಕೇ ಹೆದರಿಕೆ ಬರುತ್ತಿಲ್ಲ’ ಎಂದರು. ಆ ಸಾಲನ್ನು ಈಗ ಅವರಿಗಾಗಿ ಇನ್ನಷ್ಟು ಎತ್ತರಕ್ಕೆ ಬರೆಯುತ್ತಿದ್ದೇನೆ.