ಹಲ್ಲು ತೋರಿಸಲು ಬಂದವರ ಬಿಪಿ, ಶುಗರ್: ಜಮಖಂಡಿಯಿಂದ ನನ್ನ ಅನುಭವ

ಹಲ್ಲು ಕೀಳಿಸಲೆಂದು ಬಂದವರ ತೋಳಿಗೆ ಬಿಪಿ ಪಟ್ಟಿ ಸುತ್ತಿದರೆ ಜಮಖಂಡಿಯ ನನ್ನ ಕ್ಲಿನಿಕ್ಕಿನಲ್ಲಿ ಕೇಳಿಬರುವ ಮಾತು ಒಂದೇ: "ಡಾಕ್ಟ್ರ, ನೋವು ಬಾಯಾಗ ಐತ್ರಿ, ತೋಳಿನ್ಯಾಗಲ್ಲ." ನಿಜ ಹೇಳಬೇಕೆಂದರೆ ನಾನು ಬಿಪಿ ನೋಡಲು ಶುರು ಮಾಡಿದ್ದು ಊರಿನ ಆರೋಗ್ಯ ಸುಧಾರಿಸಲಿಕ್ಕಲ್ಲ, ನನ್ನ ಕೆಲಸ ತೊಂದರೆಯಿಲ್ಲದೆ ಮುಗಿಯಲಿ ಅಂತ. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಲಿಗ್ನೊಕೇನ್ ಜೊತೆ ಚೂರು ಅಡ್ರಿನಾಲಿನ್ ಇರುತ್ತದೆ, ಅದು ಬಿಪಿ ಏರಿಸಬಲ್ಲದು. ಬಿಪಿ 180/110 ದಾಟಿದ್ದರೆ ತುರ್ತಿಲ್ಲದ ಹಲ್ಲನ್ನು ಆ ದಿನ ಮುಟ್ಟುವುದಿಲ್ಲ. ಹಾಗೆ ಅಳೆಯುತ್ತ ಹೋದಂತೆ, ತಮಗೆ ಬಿಪಿ ಇದೆ ಎಂಬುದೇ ಗೊತ್ತಿಲ್ಲದವರು ಒಬ್ಬರ ಹಿಂದೊಬ್ಬರು ಸಿಗತೊಡಗಿದರು.

ಮೊದಲು ನಾನೂ ಎಲ್ಲರಂತೆ "ಬಿಪಿ, ಶುಗರ್ ಏನಾರ ಅದಾವೇನ್ರಿ?" ಎಂದು ಕೇಳುತ್ತಿದ್ದೆ. "ಏನೂ ಇಲ್ರಿ" ಎನ್ನುತ್ತಿದ್ದರು. ಇಲ್ಲ ಅಂದರೆ ನೋಡಿಸಿಲ್ಲ ಎಂದರ್ಥ. ಈಗ ಕೇಳುವುದು "ಕಡೀಕ ಯಾವಾಗ ತೋರಿಸಿದ್ರಿ?" ಎಂದು. ಐವತ್ತರ ಆಸುಪಾಸಿನ ಹೆಂಗಸರು ಹೆಚ್ಚಾಗಿ ಕೊಡುವ ಉತ್ತರ: "ಸಣ್ಣ ಮಗನ ಹೆರಿಗಿ ಹೊತ್ತಿನ್ಯಾಗ್ರಿ." ಆ ಸಣ್ಣ ಮಗ ಮದುವೆಯಾಗಿ ಹೊರಗೆ ಬೈಕ್ ಮೇಲೆ ಕುಳಿತಿರುತ್ತಾನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್), 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಶುಗರ್ ಬಹಳ ವರ್ಷ ನೋಯುವುದಿಲ್ಲ. ಹಲ್ಲು ಒಂದೇ ರಾತ್ರಿ ನಿದ್ದೆ ಕೆಡಿಸುತ್ತದೆ. ಬೇರೆ ಯಾವ ಡಾಕ್ಟರ ಮೆಟ್ಟಿಲನ್ನೂ ಹತ್ತದ ರಬಕವಿ-ಬನಹಟ್ಟಿಯ ಮಗ್ಗದವರು, ಕಬ್ಬು ಕಡಿಯುವವರು ನಮ್ಮಲ್ಲಿಗೆ ಬರುವುದು ಅದಕ್ಕೇ.

ಅಳೆಯುವ ರೀತಿಯ ಬಗ್ಗೆ ನಾನು ಬಿಗಿ. ಡೆಂಟಲ್ ಕುರ್ಚಿಯಲ್ಲಿ ಅಂಗಾತ ಮಲಗಿಸಿ ನೋಡಿದ ಬಿಪಿಯನ್ನು ಬರೆದುಕೊಳ್ಳುವುದಿಲ್ಲ. ಹೊರಗಿನ ಬೆಂಚಿನಲ್ಲಿ ಬೆನ್ನು ಆನಿಸಿ, ಕಾಲು ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ಬಾಯಲ್ಲಿ ತಂಬಾಕು ಇದ್ದರೆ ಉಗುಳಿ ಬಂದು ಇನ್ನಷ್ಟು ಹೊತ್ತು ಕಾಯಬೇಕು. ಹಲ್ಲುನೋವು, ಸೂಜಿಯ ಹೆದರಿಕೆ ಎರಡೂ ಬಿಪಿ ಏರಿಸುತ್ತವೆ. ಆದ್ದರಿಂದ 140/90 ದಾಟಿತೆಂದು ಅಂದೇ ರೋಗದ ಹೆಸರು ಹೇಳುವುದಿಲ್ಲ. ನೋವು ಇಳಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ. ಆಗಲೂ ಹೆಚ್ಚಿದ್ದರೆ ಫಿಜಿಷಿಯನ್ ಹತ್ತಿರ ತೋರಿಸಲು ಚೀಟಿ.

ಶುಗರ್ ಎಲ್ಲರಿಗೂ ನೋಡುವುದಿಲ್ಲ. ಯಾರಿಗೆ ನೋಡಬೇಕೆಂದು ಬಾಯಿಯೇ ಹೇಳುತ್ತದೆ. ಹಲ್ಲಿಗೆ ಕಟ್ಟಿದ ಕಿಟ್ಟ ಅಷ್ಟೇನಿಲ್ಲ, ಆದರೂ ಹಲ್ಲುಗಳು ಅಲುಗಾಡುತ್ತಿವೆ. ವಸಡಿನಲ್ಲಿ ಒಂದು ಕಡೆ ಕೀವು ಮಾಯುವಷ್ಟರಲ್ಲಿ ಇನ್ನೊಂದು ಕಡೆ ಬಾವು. ನಾಲಿಗೆ ಒಣಗಿ ಕನ್ನಡಿಗೆ ಅಂಟುತ್ತದೆ. ಕಿತ್ತ ಹಲ್ಲಿನ ಗಾಯ ಮಾಯಲು ತಡವಾಗುತ್ತಿದೆ. ಇಂಥವರನ್ನು "ರಾತ್ರಿ ಎಷ್ಟ್ ಸಲ ಏಳ್ತೀರಿ?" ಎಂದು ಕೇಳಿದರೆ, ಹಲ್ಲಿನ ಡಾಕ್ಟರಿಗೆ ಇದೆಲ್ಲ ಯಾಕೆ ಬೇಕು ಎಂಬಂತೆ ನೋಡುತ್ತಾರೆ. ಆಮೇಲೆ ಹೇಳುತ್ತಾರೆ.

ಬೆರಳು ಚುಚ್ಚುವ ಮುಂಚೆ ಸಾಬೂನು ಹಚ್ಚಿ ಕೈ ತೊಳೆಸುತ್ತೇನೆ. ಗಾಣದಿಂದ ನೆಟ್ಟಗೆ ಬಂದವರ ಬೆರಳಲ್ಲಿ ಬೆಲ್ಲ ಅಂಟಿದ್ದರೆ ಮಷಿನ್ ತೋರಿಸುವುದು ಬೆಲ್ಲದ ಲೆಕ್ಕವನ್ನೇ. ವಸಡಿನಿಂದ ಹೇಗೂ ರಕ್ತ ಬರುತ್ತಿದೆಯಲ್ಲ, ಅದನ್ನೇ ಸ್ಟ್ರಿಪ್‌ಗೆ ಮುಟ್ಟಿಸಬಾರದೇ ಎಂದು ಕೆಲವು ಸಹೋದ್ಯೋಗಿಗಳು ಕೇಳಿದ್ದುಂಟು. ಎಂಜಲು, ಕೀವು ಬೆರೆತ ರಕ್ತದ ಮೇಲೆ ನನಗೆ ಭರವಸೆಯಿಲ್ಲ. ಊಟ ಮಾಡಿದ್ದರೂ ಮಾಡದಿದ್ದರೂ 200 ದಾಟಿ, ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಅನುಮಾನ ಬಲವಾಗುತ್ತದೆ. 140ರಿಂದ 199ರ ನಡುವಿದ್ದರೆ ಖಾಲಿ ಹೊಟ್ಟೆಯ ಪರೀಕ್ಷೆ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಮಾಡಿಸಲು ಬರೆಯುತ್ತೇನೆ. ಆದರೆ "ನಿಮಗ ಶುಗರ್ ಐತಿ" ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದನ್ನು ಹೇಳಬೇಕಾದವರು ಫಿಜಿಷಿಯನ್.

ಮಷಿನ್ ಯಾರು ಬೇಕಾದರೂ ಒತ್ತಬಹುದು. ಕಷ್ಟವಿರುವುದು ನನ್ನ ಕುರ್ಚಿಯಿಂದ ಎದ್ದವರು ಫಿಜಿಷಿಯನ್ ಮುಂದೆ ಹೋಗಿ ಕೂರುವಂತೆ ಮಾಡುವುದರಲ್ಲಿ. ಮುಂದಿನ ಹಲ್ಲುಗಳೆಲ್ಲ ಅಲುಗಾಡುತ್ತಿದ್ದ ನೇಕಾರ ಹೆಂಗಸೊಬ್ಬರು "ವಯಸ್ಸಾತಲ್ರಿ, ಹಲ್ಲ ಹೋಗೂವ. ಕಿತ್ತು ಸೆಟ್ ಹಾಕ್ರಿ" ಎಂದು ಬಂದಿದ್ದರು. ಶುಗರ್ 300ರ ಮೇಲಿತ್ತು. ಚೀಟಿ ಬರೆದುಕೊಟ್ಟರೆ ಸೆರಗಿನ ಗಂಟಿಗೆ ಹೋಗಿ ಅಲ್ಲೇ ಉಳಿಯುತ್ತದೆಂದು ಗೊತ್ತಿತ್ತು. ಹೊರಗಿದ್ದ ಮಗನನ್ನು ಕರೆದು, ಮಷಿನ್ ತೋರಿಸಿ, ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಸದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಕೀವು ಅಂದೇ ತೆಗೆದೆ. ಅದನ್ನು ಯಾವ ರಿಪೋರ್ಟಿಗೂ ಕಾಯಿಸಬಾರದು. ಸೆಟ್‌ಗೆ ಅಳತೆ ತೆಗೆಯುವುದನ್ನು ಮಾತ್ರ ರಿಪೋರ್ಟ್ ಬಂದ ಮೇಲೆ ಇಟ್ಟುಕೊಂಡೆ. ಬಂದರು. ಮಾತ್ರೆ ಶುರುವಾಗಿ, ವಸಡಿನ ಒಳಗಿನ ಕಿಟ್ಟ ತೆಗೆದ ಮೇಲೆ ರಕ್ತ ನಿಂತಿತು. ಕೀಳಿಸಬೇಕೆಂದಿದ್ದ ಹಲ್ಲುಗಳಲ್ಲಿ ಕೆಲವು ಉಳಿದವು, ಕೆಲವು ಉಳಿಯಲಿಲ್ಲ.

"ಹಲ್ಲ ಸ್ವಚ್ಛ ಮಾಡಿಸಿದ್ರ ಶುಗರ್ ಹೋಗ್ತೈತೇನ್ರಿ?" ಎಂದು ಆಕೆ ಕೇಳಿದರು. ಹೋಗುವುದಿಲ್ಲ. ಆದರೆ ಕೆಟ್ಟ ವಸಡು ಶುಗರ್ ಏರಿಸುತ್ತದೆ, ಏರಿದ ಶುಗರ್ ವಸಡು ಕೆಡಿಸುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆಯಲ್ಲಿ, ವಸಡಿನ ಚಿಕಿತ್ಸೆ ಪಡೆದ ಮಧುಮೇಹಿಗಳ ಎಚ್‌ಬಿಎ1ಸಿ ಮೂರ್ನಾಲ್ಕು ತಿಂಗಳಲ್ಲಿ ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿದದ್ದು ಕಂಡಿದೆ. ಮಾತ್ರೆ ಬಿಡುವಷ್ಟಲ್ಲ. ಫಿಜಿಷಿಯನ್‌ಗೆ ಪತ್ರ ಬರೆಯಲು ನನಗೆ ಧೈರ್ಯ ಕೊಡುವಷ್ಟು.

ಕೆಲವೊಮ್ಮೆ ಹಲ್ಲಿನ ಸಂದಿಗಳಲ್ಲಿ ವಸಡು ಉಬ್ಬಿ ಬೆಳೆದಿರುತ್ತದೆ. ಕೇಳಿದರೆ, ಯಾವುದೋ ಕಾಲದ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಆಮ್ಲೊಡಿಪಿನ್ ಎಂಬ ಬಿಪಿ ಮಾತ್ರೆ ತರಿಸಿಕೊಂಡು ನುಂಗುತ್ತಿದ್ದಾರೆ, ಬಿಪಿ ಮಾತ್ರ ಮತ್ತೆ ನೋಡಿಸಿಲ್ಲ. ಆ ಮಾತ್ರೆ ಕೆಲವರಲ್ಲಿ ವಸಡು ಬೆಳೆಸುತ್ತದೆ. ನಾನೇ ಅದನ್ನು ನಿಲ್ಲಿಸುವುದಿಲ್ಲ, ಬದಲಿಸಲು ಬರುತ್ತದೆಯೇ ನೋಡಿ ಎಂದು ವೈದ್ಯರಿಗೆ ಬರೆಯುತ್ತೇನೆ. ಗುಟ್ಕಾದಿಂದ ಬಾಯಿ ಮೂರು ಬೆರಳಷ್ಟೂ ತೆರೆಯದ ಹುಡುಗರದ್ದು ಬೇರೆಯೇ ದೊಡ್ಡ ಕಥೆ, ಇಲ್ಲಿ ಹಿಡಿಸುವುದಿಲ್ಲ.

ನನ್ನ ಚೀಟಿ ಅರ್ಧ ಹಾಳೆ, ಕನ್ನಡದಲ್ಲಿ. ಮೇಲೆ ನನಗೆ ಸಿಕ್ಕ ಅಂಕಿ, ಅಳೆದ ಹೊತ್ತು, ಬಾಯಲ್ಲಿ ಕಂಡದ್ದು. ಕೆಳಗಿನ ಭಾಗ ಫಿಜಿಷಿಯನ್‌ಗೆಂದು ಖಾಲಿ. ಹಲ್ಲಿನವರು ಶುಗರ್ ಯಾಕೆ ನೋಡುತ್ತಾರೆ ಎಂದು ಮೊದಲು ಮೂಗು ಮುರಿದವರೊಬ್ಬರು ಈಗ ತಮ್ಮ ಶುಗರ್ ರೋಗಿಗಳನ್ನು ವಸಡು ತೋರಿಸಲು ನನ್ನಲ್ಲಿಗೆ ಕಳಿಸುತ್ತಾರೆ. ಖಾಲಿ ಭಾಗ ತುಂಬಿ ಬಾರದಿದ್ದವರಿಗೆ ವಾರ ಬಿಟ್ಟು ನನ್ನ ಸಹಾಯಕಿ ಫೋನ್ ಮಾಡುತ್ತಾಳೆ. ನಾನು ಮಾಡಿದರೆ "ಹೂಂ ರೀ ಸಾಹೇಬ್ರ" ಎಂದು ಸುಮ್ಮನಾಗುವವರು ಅವಳ ಹತ್ತಿರ ನಿಜವಾದ ಕಾರಣ ಹೇಳುತ್ತಾರೆ: ಕೂಲಿ ತಪ್ಪುತ್ತದೆ, ಕರೆದೊಯ್ಯುವವರಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಇಷ್ಟು: ಮಣಿಕಟ್ಟಿನದ್ದಲ್ಲ, ತೋಳಿಗೆ ಕಟ್ಟುವ ಬಿಪಿ ಮಷಿನ್ ತೆಗೆದುಕೊಳ್ಳಿ, ದಪ್ಪ ತೋಳಿನವರಿಗೆಂದು ದೊಡ್ಡ ಪಟ್ಟಿ ಬೇರೆ ಇರಲಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಹಾಕಿ, ತೆರೆದ ದಿನ ಮೇಲೆ ಬರೆದಿಡಿ. ನಮ್ಮ ಬೇಸಿಗೆಯಲ್ಲಿ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಮಾತ್ರ ಇಡಬೇಡಿ.