ಬೋರರ್ ಹಿಡಿದ ಆಶ್ ಮರ ನಮ್ಮ ಒಲೆಗೆ ಬಂದದ್ದು

2007ರಲ್ಲಿ ಅಮೆರಿಕದ ಮಿಷಿಗನ್‌ನ ಆನ್ ಆರ್ಬರ್ ಊರಾಚೆ ನಾವು ಮನೆ ಕೊಂಡಾಗ ಹಿತ್ತಲ ಬೇಲಿಗುಂಟ ಒಂಬತ್ತು ಆಶ್ ಮರಗಳಿದ್ದವು. ಒಂದರ ನೆತ್ತಿಯಲ್ಲೂ ನೆಟ್ಟಗೆ ಎಲೆ ಇರಲಿಲ್ಲ, ಬುಡದಲ್ಲಿ ಮಾತ್ರ ದಟ್ಟ ಚಿಗುರು. ಮರಕುಟಿಗಗಳು ಹುಳು ಹುಡುಕುತ್ತಾ ಹೊರತೊಗಟೆ ಕೆರೆದು ಕಾಂಡ ಬಿಳಿಚಿಕೊಂಡಿತ್ತು. ಒಂದು ಕಡೆ ತೊಗಟೆ ಎಬ್ಬಿಸಿ ನೋಡಿದೆ. ಹಾವು ಹರಿದಂತೆ ಅಂಕುಡೊಂಕು ಸುರಂಗಗಳು, ಒಳಗೆಲ್ಲ ಒತ್ತಿ ತುಂಬಿದ ಹುಡಿ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬೆಳೆದವನಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ನಮ್ಮ ಅರೇಬಿಕಾಕ್ಕೆ ಬೀಳುವ ಬಿಳಿ ಕಾಂಡಕೊರಕ ಬೇರೆ, ಇದು ಬೇರೆ. ಎಮರಾಲ್ಡ್ ಆಶ್ ಬೋರರ್ ಎಂಬ ಅರ್ಧ ಇಂಚಿನ ಮಿರುಗುವ ಹಸಿರು ದುಂಬಿ. ಪೂರ್ವ ಏಷ್ಯಾದಿಂದ ಸರಕಿನ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು ಎನ್ನುತ್ತಾರೆ. 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಪತ್ತೆಯಾಯಿತು. ಅಲ್ಲಿಂದೀಚೆಗೆ ಕೋಟಿಗಟ್ಟಲೆ ಆಶ್ ಮರಗಳು ಸತ್ತಿವೆ. ಸೌದೆ ಮಾಡುವವರಿಗೆ ಮುಖ್ಯವಾದ ವ್ಯತ್ಯಾಸ ಒಂದಿದೆ. ಕಾಫಿಯ ಹುಳು ಕಟ್ಟಿಗೆಯೊಳಕ್ಕೇ ಕೊರೆದು ಹೋಗುತ್ತದೆ. ಆಶ್‌ನ ಹುಳು ತಿನ್ನುವುದು ತೊಗಟೆಯಡಿಯ ಜೀವಪದರವನ್ನು. ಕಟ್ಟಿಗೆಯ ಮೈಯನ್ನು ಒಂದಿಷ್ಟು ಗೀರಿರುತ್ತದೆ, ಅಷ್ಟೇ. ಆಹಾರ ಸಾಗುವ ದಾರಿ ಕಡಿದುಹೋಗಿ ಮರ ಮೂರ್ನಾಲ್ಕು ವರ್ಷದಲ್ಲಿ ಒಣಗುತ್ತದೆ, ಒಳಗಿನ ಕಟ್ಟಿಗೆ ಗಟ್ಟಿಯಾಗಿಯೇ ಉಳಿಯುತ್ತದೆ.

ಆದರೆ ಆ ಗಟ್ಟಿತನ ನಿಂತ ಮರದಲ್ಲಿ ಬಹಳ ಕಾಲ ಇರುವುದಿಲ್ಲ. ಇದನ್ನು ನಾನು ಹೆದರಿ ಕಲಿತೆ. ಮೊದಲ ಚಳಿಗಾಲದಲ್ಲಿ ನಾಲ್ಕು ಮರ ಕೆಡವಿದೆ, ತೊಂದರೆಯಾಗಲಿಲ್ಲ. ಮಿಕ್ಕವು ನಿಂತಲ್ಲೇ ಒಣಗಲಿ, ಸೌದೆ ಸಲೀಸು ಎಂದು ಬಿಟ್ಟೆ. ಮೂರನೇ ವರ್ಷ ಒಂದು ಮರದ ಬುಡಕ್ಕೆ ಚೈನ್‌ಸಾ ಇಟ್ಟು ಅರ್ಧ ನಿಮಿಷವಾಗಿರಲಿಲ್ಲ, ಅದರುವಿಕೆಗೇ ಮೇಲಿನಿಂದ ತೊಡೆ ಗಾತ್ರದ ಕೊಂಬೆ ಕಳಚಿ ನನ್ನಿಂದ ಎರಡು ಮಾರು ದೂರಕ್ಕೆ ಬಿದ್ದು ಚೂರಾಯಿತು. ಹಲಸೋ ನೇರಳೆಯೋ ಆಗಿದ್ದರೆ ಒಣಕೊಂಬೆ ಮುರಿಯುವ ಮುನ್ನ ಒಂದು ಸದ್ದಾದರೂ ಬರುತ್ತದೆ ಎಂದುಕೊಂಡು ಬೆಳೆದವನು ನಾನು. ಸತ್ತ ಆಶ್ ಸೂಚನೆಯನ್ನೇ ಕೊಡುವುದಿಲ್ಲ, ಗಾಜಿನ ಹಾಗೆ ಮುರಿಯುತ್ತದೆ. ಅವತ್ತೇ ಕೆಲಸ ನಿಲ್ಲಿಸಿದೆ. ಉಳಿದ ಐದನ್ನೂ ಲಿಫ್ಟ್ ಇರುವ ಮರ ಕಡಿಯುವವರನ್ನು ಕರೆಸಿ ಇಳಿಸಿದೆ. ಸೌದೆಯಲ್ಲಿ ಉಳಿದ ಹಣಕ್ಕಿಂತ ಹೆಚ್ಚೇ ಖರ್ಚಾಯಿತು, ಅದಕ್ಕೆ ನನಗೆ ಬೇಸರವಿಲ್ಲ. ಸತ್ತು ಒಂದು ವರ್ಷ ದಾಟಿದ ಆಶ್ ಮರವನ್ನು ಒಬ್ಬರೇ ಕೆಡವಲು ಹೋಗಬೇಡಿ.

ಸೀಳುವ ಕೆಲಸ ಮಾತ್ರ ಸುಖ. ಹದಿನಾರು ಇಂಚಿನ ತುಂಡು ಮಾಡಿ ನಿಲ್ಲಿಸಿ ಕೊಡಲಿ ಬೀಸಿದರೆ ನೇರ ಎಳೆಯ ಮರ, ಒಂದೇ ಏಟಿಗೆ ಎರಡು ಹೋಳು. ಬೇಸ್‌ಬಾಲ್ ಬ್ಯಾಟಿಗೆ ಇದೇ ಮರ ಬಳಸುತ್ತಿದ್ದದ್ದೇಕೆಂದು ಕೈಗೆ ಗೊತ್ತಾಗುತ್ತದೆ.

ಆಶ್ ಹಸಿಯಾಗಿದ್ದರೂ ಉರಿಯುತ್ತದೆ ಎಂದು ಇಲ್ಲಿ ಹೇಳುವುದುಂಟು. ಬೇರೆ ಮರಗಳಿಗಿಂತ ಇದರಲ್ಲಿ ನೀರು ಕಡಿಮೆ ಎಂಬುದು ನಿಜ. ಆದರೂ ನಾನು ತೇವ ಅಳೆಯುವ ಮೀಟರಿನ ಮುಳ್ಳನ್ನು ಹೊಸದಾಗಿ ಸೀಳಿದ ಒಳಮೈಗೆ ಚುಚ್ಚಿ ನೋಡಿದಾಗ ಒಂದೇ ಮರದ ತುದಿಗೊಂಬೆಯಲ್ಲಿ ಶೇ. 17, ಬುಡದ ತುಂಡಿನಲ್ಲಿ ಶೇ. 31 ಇತ್ತು. ಶೇ. 20ಕ್ಕಿಂತ ಕೆಳಗಿಳಿಯದ ಸೌದೆ ಹೊಗೆಯಾಡುತ್ತದೆ, ಚಿಮಣಿಯೊಳಗೆ ಕರಿ ಅಂಟು ಕಟ್ಟುತ್ತದೆ, ಅದು ಒಂದು ದಿನ ಬೆಂಕಿ ಹಿಡಿಯಬಹುದು. ಹಾಗಾಗಿ ತುದಿಯದನ್ನು ಆ ಚಳಿಗಾಲಕ್ಕೇ ಬಳಸಿ, ಬುಡದ್ದನ್ನು ಹಲಗೆಗಳ ಮೇಲೆ ಒಂದೇ ಸಾಲಾಗಿ ಒಟ್ಟಿದೆ. ಮೇಲಕ್ಕಷ್ಟೇ ತಗಡು, ಪಕ್ಕಗಳು ಗಾಳಿಗೆ ತೆರೆದೇ ಇರಬೇಕು. ಒಂದು ಬೇಸಿಗೆ ಕಳೆದ ಮೇಲೆ ಒಳಗೆ ತಂದೆ. ಒಂಬತ್ತು ಮರಕ್ಕೆ ಸುಮಾರು ಆರು ಕಾರ್ಡ್ ಆಯಿತು. ಒಂದು ಕಾರ್ಡ್ ಎಂದರೆ ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಟ್ಟು, 128 ಘನ ಅಡಿ.

ಫೋನಿನಲ್ಲಿ ಅಪ್ಪನಿಗೆ ಇದೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಅಲ್ಲ ಮಗಾ, ಹುಳ ಹಿಡಿದ ಗಿಡ ಕಿತ್ತ ಕೂಡಲೇ ಸುಡಬೇಕಲ್ಲ, ನೀನು ವರ್ಷಗಟ್ಟಲೆ ಒಟ್ಟಿಟ್ಟುಕೊಂಡರೆ ದುಂಬಿ ಹಾರೋದಿಲ್ವ?” ಹಾರುತ್ತದೆ. ಸತ್ತು ವರ್ಷಗಳಾದ ಮರದಲ್ಲಿ ಈ ಹುಳು ಉಳಿಯುವುದಿಲ್ಲ, ಅದಕ್ಕೆ ಬೇಕಾದದ್ದು ಜೀವವಿರುವ ತೊಗಟೆ. ಆದರೆ ಸಾಯುತ್ತಿರುವಾಗಲೇ ಕಡಿದ ಮರದ ತೊಗಟೆಯಡಿ ಮರಿಗಳು ಚಳಿಗಾಲ ಕಳೆದು ಮೇ, ಜೂನ್ ಹೊತ್ತಿಗೆ ದುಂಬಿಯಾಗಿ ಹೊರಬರುತ್ತವೆ. ಅಂಥ ತುಂಡುಗಳ ತೊಗಟೆಯನ್ನು ಮಾರ್ಚ್ ಒಳಗೆ ಸುಲಿದು ಮೊದಲು ಅದನ್ನೇ ಉರಿಸಿದೆ.

ಸೌದೆಯನ್ನು ಹಿತ್ತಲಿನಿಂದ ಆಚೆ ಕಳಿಸಲೂ ಇಲ್ಲ. ದುಂಬಿ ತಾನಾಗಿ ಹಾರುವುದು ಸ್ವಲ್ಪ ದೂರ, ನೂರಾರು ಮೈಲಿ ಹೋದದ್ದು ಸೌದೆ ತುಂಬಿದ ಕಾರುಗಳಲ್ಲಿ. ಆಗ ಉತ್ತರಕ್ಕೆ ಹೋಗುವ ಮ್ಯಾಕಿನಾ ಸೇತುವೆಯ ಬಳಿ ಸೌದೆ ತಪಾಸಣೆ ಇತ್ತು. ಗೆಳೆಯರೊಬ್ಬರು ಅತ್ತ ಕ್ಯಾಂಪಿಂಗ್‌ಗೆ ಹೊರಟು ನಾಲ್ಕು ತುಂಡು ಕೇಳಿದಾಗ ಕೊಡಲಿಲ್ಲ. ಬೇಜಾರು ಮಾಡಿಕೊಂಡರು. ಈ ಹುಳುವಿನ ಕಾರಣಕ್ಕೆ ಆಶ್ ಸೌದೆ ಸಾಗಿಸುವುದರ ಮೇಲಿದ್ದ ನಿರ್ಬಂಧವನ್ನು ಅಮೆರಿಕದ ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ತೆಗೆದುಹಾಕಿತು, ನಾನು ನನ್ನದನ್ನು ತೆಗೆದಿಲ್ಲ.

ಬೇಲಿ ಪಕ್ಕ ಹಳೆಯ ಬೀಜದಿಂದೆದ್ದ ಆಶ್ ಸಸಿಗಳು ಈಗ ನನ್ನ ತೋಳಿನ ಗಾತ್ರ ಆಗಿವೆ. ಎರಡರ ತೊಗಟೆಯಲ್ಲಿ ಈ ಬೇಸಿಗೆ ದುಂಬಿ ಹೊರಬಿದ್ದ ತೂತುಗಳನ್ನು ಕಂಡೆ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಂಡಗೆ. ಮೂರನೆಯದರಲ್ಲಿ ಇನ್ನೂ ಇಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೇನೆ.